ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯ ತಂಡಗಳು

ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಬೇಸಿಗೆಯ ದಿನಗಳಲ್ಲಿ ನಡೆಯುವ ಹಾಕಿ ಕ್ರೀಡೋತ್ಸವ. ಕೊಡವ ಭಾಷೆಯಲ್ಲಿ ಇದನ್ನು 'ಹಾಕಿ ನಮ್ಮೆ' ಎನ್ನುತ್ತಾರೆ. ನಮ್ಮೆ ಎಂದರೆ ಹಬ್ಬ. ಇಲ್ಲಿ ಆಡುವ ತಂಡಗಳು ಕ್ಲಬ್‌ಗಳಲ್ಲ, ಊರುಗಳನ್ನು ಪ್ರತಿನಿಧಿಸುವವೂ ಅಲ್ಲ. ಪ್ರತಿಯೊಂದು ತಂಡವೂ ಒಂದು ಒಕ್ಕ, ಅಂದರೆ ಒಂದೇ ಮೂಲಪುರುಷನಿಂದ ಬೆಳೆದ ಕುಟುಂಬ.

ಇತಿಹಾಸ

ಬ್ಯಾಂಕ್ ಸೇವೆಯಿಂದ ನಿವೃತ್ತರಾಗಿದ್ದ ಪಾಂಡಂಡ ಕುಟ್ಟಪ್ಪ (ಕುಟ್ಟಣಿ) ಅವರು ಈ ಪಂದ್ಯಾವಳಿಯ ರೂವಾರಿ. ದೂರ ದೂರ ಚದುರಿದ್ದ ಕೊಡವ ಕುಟುಂಬಗಳನ್ನು ಒಂದೆಡೆ ಸೇರಿಸುವುದು ಇದರ ಉದ್ದೇಶವಾಗಿತ್ತು. 1997ರಲ್ಲಿ ಕರಡ ಗ್ರಾಮದಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ 60 ಒಕ್ಕಗಳು ಭಾಗವಹಿಸಿದವು. 2018ರವರೆಗೆ ಪಂದ್ಯಾವಳಿ ಪ್ರತಿವರ್ಷ ನಡೆಯಿತು. 2018ರ ಆಗಸ್ಟ್‌ನಲ್ಲಿ ಕೊಡಗನ್ನು ತತ್ತರಿಸುವಂತೆ ಮಾಡಿದ ಅತಿವೃಷ್ಟಿ ಹಾಗೂ ಭೂಕುಸಿತ, ಆ ಬಳಿಕ ಬಂದ ಕೋವಿಡ್ ಪಿಡುಗಿನಿಂದಾಗಿ ನಾಲ್ಕು ವರ್ಷ ಆಟ ನಿಂತಿತು. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಆರಂಭವಾದಾಗ, ಹಿಂದಿಗಿಂತ ಹೆಚ್ಚು ತಂಡಗಳು ಹೆಸರು ನೋಂದಾಯಿಸಿದವು.

ತಂಡದ ಸ್ವರೂಪ

ಒಕ್ಕದ ಹೆಸರೇ ತಂಡದ ಹೆಸರು. ಇವುಗಳಲ್ಲಿ ಹೆಚ್ಚಿನವು 'ಅಂಡ', 'ಇರ', 'ಅಡ' ಎಂಬ ಪ್ರತ್ಯಯಗಳಿಂದ ಕೊನೆಗೊಳ್ಳುತ್ತವೆ. ಒಕ್ಕಕ್ಕೆ ಐನ್‌ಮನೆ ಎಂಬ ಪೂರ್ವಿಕರ ಮನೆ ಇರುತ್ತದೆ. ಕೊಡವರು ಒಕ್ಕದ ಹೆಸರನ್ನು ತಮ್ಮ ಹೆಸರಿನ ಮೊದಲಿಗೆ ಬರೆಯುವುದರಿಂದ, ಭಾರತ ತಂಡದ ಆಟಗಾರರ ಇನಿಷಿಯಲ್‌ಗಳಲ್ಲಿಯೂ ಅದು ಉಳಿದಿದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಮನೆಯಪಂಡ ಒಕ್ಕದವರು, ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಅಂಜಪರವಂಡ ಒಕ್ಕದವರು, 2012 ಹಾಗೂ 2016ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಎಸ್.ಕೆ. ಉತ್ತಪ್ಪ ಸಣ್ಣುವಂಡ ಒಕ್ಕದವರು.

ತಂಡಕ್ಕೆ ಹೊರಗಿನ ಆಟಗಾರರನ್ನು ಹಣ ಕೊಟ್ಟು ತರುವಂತಿಲ್ಲ. ಅಂತರರಾಷ್ಟ್ರೀಯ ಆಟಗಾರನ ಪಕ್ಕದಲ್ಲಿ ಶಾಲಾ ಬಾಲಕ, ಗೃಹಿಣಿ, ನಿವೃತ್ತ ಸೈನಿಕ ಒಂದೇ ತಂಡದಲ್ಲಿ ಆಡುವುದು ಇಲ್ಲಿ ಸಾಮಾನ್ಯ ದೃಶ್ಯ. ಸದಸ್ಯರು ಕಡಿಮೆಯಿರುವ ಒಕ್ಕಗಳಿಗೆ ಹನ್ನೊಂದು ಜನರನ್ನು ಕೂಡಿಸುವುದೇ ಮೊದಲ ಸವಾಲು. ಇದಕ್ಕಾಗಿ ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದವರೂ ಊರಿಗೆ ಬರುತ್ತಾರೆ. ಹೀಗಾಗಿ ಮೊದಲ ಸುತ್ತಿನಲ್ಲೇ ಸೋತ ತಂಡಕ್ಕೂ ಮೈದಾನಕ್ಕಿಳಿದುದೇ ಒಂದು ಸಾಧನೆಯೆನಿಸುತ್ತದೆ.

ಆತಿಥ್ಯ

ಪಂದ್ಯಗಳು ನಾಕೌಟ್ ಮಾದರಿಯಲ್ಲಿ ನಡೆಯುತ್ತವೆ. ಪ್ರತಿವರ್ಷ ಒಂದು ಒಕ್ಕ ಆತಿಥ್ಯದ ಹೊಣೆ ಹೊರುತ್ತದೆ, ಆ ವರ್ಷದ ಕಪ್ಪಿಗೆ ಆ ಒಕ್ಕದ ಹೆಸರೇ ಇರುತ್ತದೆ. ಕೊಡವ ಹಾಕಿ ಅಕಾಡೆಮಿಯು ಮಾರ್ಗದರ್ಶನ ನೀಡುತ್ತದೆ. ಕೆಲವು ಆವೃತ್ತಿಗಳ ವಿವರ:

* 1997: ಪಾಂಡಂಡ, ಕರಡ – 60 ತಂಡಗಳು
* 2023: ಅಪ್ಪಚೆಟ್ಟೋಳಂಡ, ನಾಪೋಕ್ಲು – 336 ತಂಡಗಳು
* 2024: ಕುಂಡ್ಯೋಳಂಡ, ನಾಪೋಕ್ಲು – 360 ತಂಡಗಳು
* 2025: ಮುದ್ದಂಡ, ಮಡಿಕೇರಿ – 396 ತಂಡಗಳು

2024ರ ಪಂದ್ಯಾವಳಿಯು ತಂಡಗಳ ಸಂಖ್ಯೆಯಿಂದಾಗಿ ಗಿನ್ನೆಸ್ ದಾಖಲೆಗೆ ಸೇರಿತು. 2025ರದ್ದು 25ನೆಯ ಆವೃತ್ತಿ.

ವೃತ್ತಿಪರ ಲೀಗ್‌ಗಳೊಂದಿಗೆ ಹೋಲಿಕೆ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನಂತಹ ವೃತ್ತಿಪರ ಕೂಟಗಳೊಂದಿಗೆ ಹೋಲಿಸಿದಾಗ ಒಕ್ಕ ತಂಡಗಳ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಆ ಲೀಗ್ 1897ರಲ್ಲಿ ವಿಕ್ಟೋರಿಯಾದ ಎಂಟು ಕ್ಲಬ್‌ಗಳಿಂದ ಆಟ ಆರಂಭಿಸಿ ಇಂದು 18 ಕ್ಲಬ್‌ಗಳನ್ನು ಹೊಂದಿದೆ. ಸೌತ್ ಮೆಲ್ಬರ್ನ್ ಕ್ಲಬ್ 1982ರಲ್ಲಿ ಸಿಡ್ನಿಗೆ ಸ್ಥಳಾಂತರಗೊಂಡಿತು. 1996ರ ಋತುವಿನ ಬಳಿಕ ಫಿಟ್ಜ್‌ರಾಯ್ ಕ್ಲಬ್ ಬ್ರಿಸ್ಬೇನ್ ಕ್ಲಬ್‌ನೊಂದಿಗೆ ವಿಲೀನವಾಯಿತು. ಕ್ಲಬ್ ಊರು ಬದಲಿಸಬಹುದು, ಆಟಗಾರ ಕ್ಲಬ್ ಬದಲಿಸಬಹುದು. ಒಕ್ಕವನ್ನು ಮಾರುವಂತಿಲ್ಲ, ವಿಲೀನಗೊಳಿಸುವಂತಿಲ್ಲ. ಅದರ ಬಲವೆಲ್ಲ ಮುಂದಿನ ಪೀಳಿಗೆಯನ್ನೇ ಅವಲಂಬಿಸಿದೆ.

ಪ್ರಭಾವ

ಈ ಮಾದರಿಯನ್ನು ಅನುಸರಿಸಿ ಕೊಡಗಿನಲ್ಲಿ ಕೊಡವ ಕುಟುಂಬಗಳ ಹಾಗೂ ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿಗಳೂ ನಡೆಯುತ್ತಿವೆ.