ಯುವನಿಧಿಯ ಷರತ್ತು ಮತ್ತು ಕೆಲಸದ ಹುಡುಕಾಟ: ಚಿಕ್ಕಬಳ್ಳಾಪುರ ಜಿಲ್ಲೆಯ ನೆಲೆಯಿಂದ

2022–23ರಲ್ಲಿ ತೇರ್ಗಡೆಯಾಗಿ ಆರು ತಿಂಗಳು ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಹೆಚ್ಚೆಂದರೆ 24 ತಿಂಗಳು: 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯ ಮೊದಲ ಸ್ವರೂಪ ಇದು. ಭತ್ಯೆ ಕೊಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಭತ್ಯೆಯ ಷರತ್ತುಗಳು ಹುಡುಕಾಟದ ದಿಕ್ಕನ್ನು ಬದಲಿಸಬಲ್ಲವು.

ಅರ್ಥಶಾಸ್ತ್ರಜ್ಞ ಡೇಲ್ ಮಾರ್ಟೆನ್‌ಸನ್ 1977ರಲ್ಲಿ ತೋರಿಸಿದಂತೆ, ಭತ್ಯೆ ಪಡೆಯುವವರು ‘ಇದಕ್ಕಿಂತ ಕಡಿಮೆಗೆ ಬರಲಾರೆ’ ಎನ್ನುವ ಸಂಬಳದ ಮಟ್ಟ, ಅವಧಿ ಮುಗಿಯುತ್ತ ಬಂದಂತೆ ಇಳಿಯುತ್ತದೆ. ಅವರ ಮಾದರಿಯಲ್ಲಿ ಇನ್ನೊಂದು ಎಳೆಯೂ ಇದೆ: ಭತ್ಯೆಯ ಹಕ್ಕು ದುಡಿಮೆಯಿಂದ ಹುಟ್ಟುವುದರಿಂದ, ಆ ಹಕ್ಕಿಲ್ಲದವರಿಗೆ ಕೆಲಸ ಹಿಡಿಯುವುದೇ ಹೆಚ್ಚು ಆಕರ್ಷಕ. ಯುವನಿಧಿಯಲ್ಲಿ ಈ ಎಳೆ ಇಲ್ಲ. ಇಲ್ಲಿ ಹಕ್ಕು ಹುಟ್ಟುವುದು ಅಂಕಪಟ್ಟಿಯಿಂದ.

ಫಲಾನುಭವಿ ಕಾಲಕಾಲಕ್ಕೆ ‘ನನಗೆ ಕೆಲಸವಿಲ್ಲ, ಮುಂದೆ ಓದುತ್ತಿಲ್ಲ, ಸ್ವಂತ ಉದ್ಯೋಗವೂ ಇಲ್ಲ’ ಎಂದು ಸ್ವಯಂ ಘೋಷಣೆ ಮಾಡಬೇಕು. ಘೋಷಣೆಯ ತಿರುಳು ಕೆಲಸವಿಲ್ಲ ಎಂಬುದು; ಎಷ್ಟು ಕಡೆ ಹುಡುಕಿದೆ ಎಂಬುದಲ್ಲ. ಗೌರಿಬಿದನೂರಿನ ಕಾರ್ಖಾನೆಯೊಂದಕ್ಕೆ ಸೇರಿದರೆ ಪಿ.ಎಫ್., ಇ.ಎಸ್.ಐ. ಖಾತೆ ತೆರೆಯುತ್ತದೆ, ಕೆಲಸ ಸರ್ಕಾರದ ಕಣ್ಣಿಗೆ ಬೀಳುತ್ತದೆ. ಶಿಡ್ಲಘಟ್ಟದ ಸಣ್ಣ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕೈಗೆ ಬರುವ ಕೂಲಿ ಯಾವ ದಾಖಲೆಗೂ ಸೇರದೆ ಹೋಗಬಹುದು. ಹಾಗಾಗಿ 3,000 ರೂಪಾಯಿಯ ನಷ್ಟ ಎಲ್ಲ ಕೆಲಸಕ್ಕೂ ಸಮನಾಗಿ ತಟ್ಟುವುದಿಲ್ಲ. ಭದ್ರತೆಯುಳ್ಳ ಕೆಲಸಕ್ಕೇ ಹೆಚ್ಚು ತಟ್ಟುತ್ತದೆ. ನನ್ನನ್ನು ಕಾಡುವುದು ಇದೇ. ಚಿಂತಾಮಣಿ ಕಡೆ ಅಪ್ಪನ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುವ, ಹುಳು ಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕುವ ಬಿ.ಎ. ಪದವೀಧರೆ ನಿರುದ್ಯೋಗಿಯೋ, ಸ್ವಯಂ ಉದ್ಯೋಗಿಯೋ? ಪ್ರಾಮಾಣಿಕವಾಗಿ ಉತ್ತರಿಸಲು ಹೊರಟವಳಿಗೇ ಇಲ್ಲಿ ಕಷ್ಟ.

ಹಣದ ಇನ್ನೊಂದು ಕೆಲಸವನ್ನು ಮರೆಯಬಾರದು. ಕೈಯಲ್ಲಿ ಕಾಸಿಲ್ಲದವನಿಗೆ ಭತ್ಯೆ ಸರಿಯಾದ ಕೆಲಸಕ್ಕಾಗಿ ಕಾಯುವ ಶಕ್ತಿ ಕೊಡುತ್ತದೆ ಎಂಬುದು ರಾಜ್ ಚೆಟ್ಟಿಯವರ 2008ರ ಅಧ್ಯಯನದ ಸಾರ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸಂದರ್ಶನಕ್ಕೆ ಓಡಾಡುವ ಹುಡುಗನಿಗೆ ಬಸ್ಸಿನ ಖರ್ಚೂ ಲೆಕ್ಕಕ್ಕೆ ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಆ ಖರ್ಚಿಲ್ಲ. ಆದ್ದರಿಂದ ಭತ್ಯೆಯ ಪರಿಣಾಮವನ್ನು ಇಬ್ಬರಿಗೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

2024ರ ಜನವರಿಯಿಂದ ತಪ್ಪದೆ ಭತ್ಯೆ ಪಡೆದವರ 24 ತಿಂಗಳು 2025ರ ಡಿಸೆಂಬರ್‌ಗೆ ತುಂಬುತ್ತದೆ. ಅವಧಿ ಮುಗಿಯುವ ಹೊತ್ತಿಗೆ ಪಟ್ಟಿಯಿಂದ ಹೆಸರು ಹೋಗುವುದನ್ನೇ ಕೆಲಸ ಸಿಕ್ಕಿದ್ದರ ಗುರುತೆಂದು ಓದುವ ಅಪಾಯವಿದೆ. ಆಸ್ಟ್ರಿಯಾದ ದಾಖಲೆಗಳನ್ನು ಪರಿಶೀಲಿಸಿದ ಕಾರ್ಡ್, ಚೆಟ್ಟಿ ಮತ್ತು ವೆಬರ್ 2007ರಲ್ಲಿ ಕಂಡದ್ದು ಬೇರೆಯೇ: ಆ ಘಟ್ಟದಲ್ಲಿ ನೋಂದಣಿ ಬಿಡುವವರ ಸಂಖ್ಯೆ ಜಿಗಿಯುವಷ್ಟು ಹೊಸ ಕೆಲಸ ಸೇರುವವರ ಸಂಖ್ಯೆ ಜಿಗಿಯುವುದಿಲ್ಲ. ನಮ್ಮ ಜಿಲ್ಲೆಯ ಅಧ್ಯಯನಕ್ಕೆ ಭತ್ಯೆಗೆ ಅರ್ಜಿ ಹಾಕುವ ಸೇವಾ ಸಿಂಧು ಜಾಲತಾಣದ ಪಟ್ಟಿಯೊಂದೇ ಸಾಲದು. ಹೆಸರು ಬಿಟ್ಟುಹೋದವರ ಮನೆಗೆ ಆರು ತಿಂಗಳ ಬಳಿಕ ಹೋಗಿ, ಈಗ ಎಲ್ಲಿ ದುಡಿಯುತ್ತಿದ್ದೀರಿ, ಸಂಬಳ ಬ್ಯಾಂಕಿಗೆ ಬರುತ್ತದೆಯೋ ಕೈಗೋ ಎಂದು ಕೇಳಬೇಕು.