ಸೀಸ ಹೋತು, ಶಾಖ ಏರಿತು

183 ಮತ್ತು 217. ಈ ಎರಡು ಅಂಕಿಗಳ ನಡುವಿನ 34 ಡಿಗ್ರಿ ಒಂದಿಡೀ ಉದ್ಯಮವನ್ನು ಹೇಗೆ ಕಾಡಿತು ಅನ್ನೋದು ಈ ಸಲದ ಕತೆ. ನಾನು ಸಾಫ್ಟ್‌ವೇರಿನವ, ಬೆಸುಗೆ ನನ್ನ ಕಸುಬಲ್ಲ. ಆದರೆ ನನ್ನ ಕೋಡು ಓಡೋದು ಬೋರ್ಡಿನ ಮೇಲೆ, ಆ ಬೋರ್ಡಿಗೆ ಚಿಪ್ಪನ್ನು ಹಿಡಿದಿಟ್ಟಿರೋದು ಬೆಸುಗೆ.

ನಮ್ಮೂರು ಮಾಗಡಿ. ಕೆಂಪೇಗೌಡರ ಮಾಗಡಿ ಅಲ್ರೀ, ಶಿರಹಟ್ಟಿ ತಾಲೂಕಿಂದು, ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತು ಬಂದಿಳಿಯೋ ಕೆರಿ ಇರೋ ಊರು. ನಮ್ಮ ಕಡೆ ಪಾತ್ರೆಗೆ ಕಲಾಯಿ ಹಾಕೋದನ್ನ ನೋಡಿದವರಿಗೆ ಈ ವಿದ್ಯೆ ಅರ್ಧ ಗೊತ್ತಿದ್ದಂಗ. ಪಾತ್ರೆ ಕಾಸಿ, ನವಸಾಗರ ಉದುರಿಸಿ ಮೈ ಚೊಕ್ಕ ಮಾಡಿ, ತವರ ಸವರಿ ಅರಳೆಯಿಂದ ಒರೆಸಬೇಕು. ತವರ ಕರಗೋದು 232 ಡಿಗ್ರಿಗೆ. ಕಲಾಯಿಯವನಿಗೆ ಥರ್ಮಾಮೀಟರ್ ಬೇಕಿಲ್ಲ, ಕಣ್ಣೇ ಅಳತೆ.

ಫ್ಯಾಕ್ಟರಿಯಲ್ಲಿ ನವಸಾಗರದ ಬದಲು ಫ್ಲಕ್ಸ್, ತಿದಿಯ ಬದಲು ರಿಫ್ಲೋ ಓವನ್. ಅದೊಂದು ಉದ್ದನೆಯ ಸುರಂಗ. ಬೆಸುಗೆಯ ಪೇಸ್ಟ್ ಬಳಿದು ಚಿಪ್ಪುಗಳನ್ನಿಟ್ಟ ಬೋರ್ಡು ಬೆಲ್ಟಿನ ಮೇಲೆ ಒಳಗೆ ಹೋಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಬಿಸಿ ಅನ್ನೋ ಗೆರೆಯೇ ಟೆಂಪರೇಚರ್ ಪ್ರೊಫೈಲ್. ಮೊದಲು ಸೆಕೆಂಡಿಗೆ 1ರಿಂದ 3 ಡಿಗ್ರಿಯಂತೆ ಏರಿಕೆ, 150 ದಾಟಿದ ಮೇಲೆ ಒಂದೆರಡು ನಿಮಿಷ ಸಾವಕಾಶ, ಆಮೇಲೆ ಕರಗುವ ಬಿಂದುವಿನ ಮೇಲೆ ಸುಮಾರು ಒಂದು ನಿಮಿಷ, ಕೊನೆಗೆ ಇಳಿಕೆ. ಓವನ್ನಿನ ಪರದೆಯ ಅಂಕಿ ನಂಬಿ ಕೂತರೆ ಕೆಟ್ಟಿರಿ. ಅದು ಗಾಳಿಯ ಬಿಸಿ. ಬೋರ್ಡಿಗೇ ಥರ್ಮೋಕಪಲ್ ಅಂಟಿಸಿ ಸುರಂಗಕ್ಕೆ ಕಳಿಸಬೇಕು, ಯಾಕಂದ್ರೆ ದೊಡ್ಡ ಚಿಪ್ಪು ನಿಧಾನ ಕಾಯುತ್ತದೆ, ಸಣ್ಣದು ಬೇಗ.

1980ರ ದಶಕದಲ್ಲಿ ಸರ್ಫೇಸ್ ಮೌಂಟ್ ಹರಡಿದಾಗ ಬೆಸುಗೆ ಅಂದ್ರೆ 63 ಪಾಲು ತವರ, 37 ಪಾಲು ಸೀಸ. ಸೀಸ ಒಂದೇ ಆದರೆ 327ಕ್ಕೆ ಕರಗಬೇಕು, ಆದರೆ ಎರಡೂ ಈ ಅಳತೆಯಲ್ಲಿ ಕೂಡಿದರೆ 183ಕ್ಕೇ ನೀರು! ತುದಿಯನ್ನು 215ರ ಆಸುಪಾಸು ಇಟ್ಟರೆ ಕೆಲಸ ಆಯಿತು.

ಆದರೆ ಸೀಸ ವಿಷ, ಮಕ್ಕಳ ಮಿದುಳಿಗಂತೂ ಹೆಚ್ಚು. 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಲ್ಲೇ. ಮರುವರ್ಷ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಬೆಸುಗೆಯ ಸರದಿ ಬಂದದ್ದು 2006ರ ಜುಲೈ 1ಕ್ಕೆ, ಯುರೋಪಿನ ರೋಹ್ಸ್ ನಿಯಮದಿಂದ. ಭಾರತದ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು, ಸೀಸದ ಮಿತಿ ಅದರ ಎರಡು ವರ್ಷದ ಮೇಲೆ. ಬ್ಯಾಟರಿಯ ಮುಂದೆ ಬೆಸುಗೆಯ ಸೀಸ ಅಲ್ಪವೇ. ಆದರೂ ಹಳೇ ಬೋರ್ಡನ್ನು ಬೆಂಕಿಗೆ ಹಿಡಿದು ಚಿಪ್ಪು ಬಿಡಿಸೋ ಕೈಗಳು ಬಡವರವೇ. ಹಾಗಾಗಿ ಈ ನಿಯಮ ನನಗೆ ಸರಿ ಅನ್ನಿಸುತ್ತದೆ.

ಬೆಲೆ ಮಾತ್ರ ತೆರಬೇಕಾಯಿತು. ಹೊಸ ಬೆಸುಗೆಯಲ್ಲಿ ತವರ 96.5, ಬೆಳ್ಳಿ 3, ತಾಮ್ರ 0.5 ಪಾಲು. ಕರಗೋಕೆ ಶುರುವಾಗೋದೇ 217ಕ್ಕೆ. ತುದಿ 240ರ ಸುತ್ತ ಬೇಕು, ಚಿಪ್ಪುಗಳ ಸಹನೆಯೋ 245ರಿಂದ 260ಕ್ಕೆ ಮುಗೀತು. ಒಳಗೆ ತೇವ ಕೂತ ಚಿಪ್ಪು ಈ ಶಾಖಕ್ಕೆ ಅರಳಿನಂತೆ ಸಿಡಿಯುತ್ತದೆ.

ಇನ್ನೊಂದು ತಂಟೆ: ಸೀಸವಿಲ್ಲದ ತವರದ ಲೇಪದ ಮೇಲೆ ಕೂದಲಿನಂಥ ಎಳೆ ತಾನಾಗಿ ಬೆಳೆದು ಶಾರ್ಟ್ ಮಾಡಬಹುದು. 1998ರಲ್ಲಿ ಗ್ಯಾಲಕ್ಸಿ 4 ಉಪಗ್ರಹ ಕೈಕೊಟ್ಟು ಅಮೆರಿಕದ ಪೇಜರುಗಳು ಮೂಕವಾದದ್ದಕ್ಕೆ ದೂರು ಬಂದದ್ದು ಈ ಎಳೆಯ ಮೇಲೇ. ಯುರೋಪಿನ ನಿಯಮದಲ್ಲಿ ಬಾಹ್ಯಾಕಾಶ, ರಕ್ಷಣೆಯ ಉಪಕರಣಗಳಿಗೆ ವಿನಾಯಿತಿ ಇದೆ.

ಬೆಂಗಳೂರಿನಂಥ ಊರಲ್ಲಿ ಇದು ಬರೀ ಪುಸ್ತಕದ ಮಾತಲ್ಲ. 1975ರ ಆರ್ಯಭಟ ಸಿದ್ಧವಾದದ್ದು ಪೀಣ್ಯದ ಶೆಡ್ಡುಗಳಲ್ಲಿ, 2017ರಲ್ಲಿ ಐಫೋನ್ ಜೋಡಣೆ ಶುರುವಾದದ್ದೂ ಪೀಣ್ಯದಲ್ಲೇ. ಫೋನಿಗೆ ಸೀಸ ನಿಷಿದ್ಧ, ಉಪಗ್ರಹಕ್ಕೆ ಸೀಸವೇ ಧೈರ್ಯ. ತೊಡಕು ಏನಂದ್ರೆ, ಚಿಪ್ಪು ಮಾಡೋರು ನಡೆಯೋದು ಫೋನಿನ ಸಂತೆಯ ಕಡೆ ನೋಡಿ. ಹೊಟ್ಟೆಯಡಿ ಬೆಸುಗೆಯ ಗುಂಡುಗಳಿರೋ ಚಿಪ್ಪು ಈಗ ಹೆಚ್ಚಾಗಿ ಸೀಸರಹಿತವೇ ಸಿಗೋದು. ಅದನ್ನು ಸೀಸದ ಪೇಸ್ಟಿನ ಮೇಲಿಟ್ಟು ಹಳೇ 215ರ ಪ್ರೊಫೈಲಿನಲ್ಲಿ ಕಳಿಸಿದರೆ ಪೇಸ್ಟ್ ಕರಗುತ್ತದೆ, ಗುಂಡು ಪೂರ್ತಿ ಕರಗಿ ಬೆರೆಯೋದಿಲ್ಲ. ಹೊಸ 245ಕ್ಕೆ ಏರಿಸಿದರೆ ಹಳೇ ಶಾಖಕ್ಕೆ ಲೆಕ್ಕ ಹಾಕಿದ ಪಕ್ಕದ ಭಾಗಗಳು ತಾಳುವುದಿಲ್ಲ. ಕೆಲವರು ಗುಂಡು ಕಿತ್ತು ಸೀಸದ ಗುಂಡು ಕೂರಿಸುತ್ತಾರೆ. ಉಳಿದವರು ಥರ್ಮೋಕಪಲ್ ಹಚ್ಚಿಕೊಂಡು 225-230ರ ನಡುವೆ ಜಾಗ ಹುಡುಕುತ್ತಾರೆ, ಪ್ರತಿ ಬೋರ್ಡಿಗೂ ಹೊಸದಾಗಿ.