ಅಂಗಸಂಖ್ಯೆ, ಶವಶೋಧನೆ ಮತ್ತು ದೇಹಚಿತ್ರ

ಶ್ವೇತಾಂಬರ ಆಗಮಗಳ ಉಪಾಂಗಗಳಲ್ಲಿ ಎರಡನೆಯದಾದ ರಾಯಪಸೇಣಿಯ ಸೂತ್ರದಲ್ಲಿ ಪಏಸಿ ಎಂಬ ರಾಜನಿಗೂ ಪಾರ್ಶ್ವನಾಥ ಪರಂಪರೆಯ ಕೇಶಿಕುಮಾರ ಶ್ರಮಣರಿಗೂ ನಡೆದ ಸಂವಾದ ವಿದ್ವಾಂಸರಿಗೆ ಸುಪರಿಚಿತವಾದುದು. ಜೀವವೂ ಶರೀರವೂ ಬೇರೆಯಲ್ಲವೆಂಬುದು ರಾಜನ ಪಕ್ಷ. ಅದನ್ನು ಸಾಧಿಸಲು ಅವನು ತಾನು ನಡೆಸಿದ ಪರೀಕ್ಷೆಗಳನ್ನು ಒಂದೊಂದಾಗಿ ಮುಂದಿಡುತ್ತಾನೆ. ಸೆರೆಸಿಕ್ಕ ಕಳ್ಳನೊಬ್ಬನ ದೇಹವನ್ನು ಎರಡಾಗಿ, ಮೂರಾಗಿ, ನಾಲ್ಕಾಗಿ ಸೀಳಿಸಿ ಒಳಗೆಲ್ಲ ನೋಡಿದರೂ ಜೀವವೆಂಬುದು ಎಲ್ಲಿಯೂ ಕಾಣಲಿಲ್ಲವೆಂಬುದು ಅವುಗಳಲ್ಲಿ ಒಂದು. ಕಟ್ಟಿಗೆಯಲ್ಲಿ ಬೆಂಕಿಯಿದೆಯೆಂದು ಕೇಳಿ, ಅದನ್ನು ಕಡಿಕಡಿದು ನೋಡಿ, ಬೆಂಕಿಯನ್ನು ಕಾಣದೆ ಕಳವಳಗೊಂಡ ಮೂಢನ ದೃಷ್ಟಾಂತವನ್ನು ಹೇಳಿ ಕೇಶಿಶ್ರಮಣರು ಇದಕ್ಕೆ ಉತ್ತರ ಕೊಡುತ್ತಾರೆ.

ಈ ಪ್ರಸಂಗವು ವೈದ್ಯಶಾಸ್ತ್ರದ ಚರಿತ್ರೆಯಲ್ಲ. ಆದರೆ ದೇಹವನ್ನು ತೆರೆದು ನೋಡಿ ತಿಳಿಯಬೇಕೆಂಬ ವಿಚಾರವೂ, ಹಾಗೆ ನೋಡಿದರೆ ಯಾವುದು ತಿಳಿಯುತ್ತದೆ, ಯಾವುದು ತಿಳಿಯದು ಎಂಬ ಪ್ರಶ್ನೆಯೂ ಆಗಮಕಾರರಿಗೆ ಅಪರಿಚಿತವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿಯಾಗಿದೆ. ಜೈನಗ್ರಂಥಗಳಲ್ಲಿ ಮಾನವಶರೀರದ ಎಲುಬು, ಸಂಧಿ, ಸ್ನಾಯು, ಸಿರೆಗಳ ಸಂಖ್ಯೆಗಳು ನಿರ್ದಿಷ್ಟವಾಗಿ ದೊರೆಯುತ್ತವೆ. ಇವುಗಳನ್ನು ಓದಿದವರು ಎರಡು ಆತುರದ ತೀರ್ಮಾನಗಳಿಗೆ ಬರುವುದುಂಟು: ಪ್ರಾಚೀನ ಆಚಾರ್ಯರು ಶವವನ್ನು ಛೇದಿಸಿ ನೋಡಿಯೇ ಹೀಗೆ ಬರೆದರೆಂಬುದು ಒಂದು, ಇವೆಲ್ಲ ಕೇವಲ ಕಲ್ಪನೆಯೆಂಬುದು ಇನ್ನೊಂದು. ಗ್ರಂಥಗಳನ್ನು ಒಂದರೊಡನೊಂದು ಹೋಲಿಸಿ ನೋಡಿದರೆ ಇವೆರಡೂ ನಿಲ್ಲುವುದಿಲ್ಲ.

ಶಿವಾರ್ಯರ ಭಗವತೀ ಆರಾಧನೆ ಕರ್ನಾಟಕದ ಓದುಗರಿಗೆ ವಡ್ಡಾರಾಧನೆಯ ಮೂಲಕವೂ ಆಪ್ತವಾದ ಗ್ರಂಥ. ಆ ಕನ್ನಡ ಕೃತಿಯ 19 ಕಥೆಗಳು ಈ ಪ್ರಾಕೃತ ಗ್ರಂಥದ ಗಾಹೆಗಳನ್ನೇ ಆಧಾರವಾಗಿ ಉಳ್ಳವು. ಆರಾಧನೆಯಲ್ಲಿ ದೇಹದ ಅಶುಚಿತ್ವವನ್ನು ನಿರೂಪಿಸುವ ಭಾಗದಲ್ಲಿ 300 ಅಸ್ಥಿಗಳು, 300 ಸಂಧಿಗಳು, 900 ಸ್ನಾಯುಗಳು, 700 ಸಿರೆಗಳು, 500 ಮಾಂಸಪೇಶಿಗಳು, 107 ಮರ್ಮಸ್ಥಾನಗಳು ಎಂದು ಎಣಿಕೆಯಿದೆ. ಶ್ವೇತಾಂಬರ ಪ್ರಕೀರ್ಣಕಗಳಲ್ಲಿ ಒಂದಾದ ತಂದುಲವೇಯಾಲಿಯದಲ್ಲಿಯೂ ಅಸ್ಥಿ 300, ಸ್ನಾಯು 900, ಸಿರೆ 700, ಪೇಶಿ 500, ಮರ್ಮ 107 ಎಂದೇ ಇದೆ. ಸಂಧಿಗಳು ಮಾತ್ರ ಅಲ್ಲಿ 160. ಸಂಪ್ರದಾಯಭೇದವನ್ನು ಮೀರಿದ ಈ ಸಾಮ್ಯವೂ, ಸಂಧಿಯ ವಿಷಯದಲ್ಲಿನ ಈ ಭೇದವೂ ಸಮಾನವಾಗಿ ಗಮನಾರ್ಹವಾದವು.

ಇವುಗಳ ಜೊತೆಗೆ ಇಡಬೇಕಾದ ಗ್ರಂಥ ಸುಶ್ರುತಸಂಹಿತೆ. ಅದರ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಶವಶೋಧನೆಯ ವಿಧಾನ ಹೇಳಲ್ಪಟ್ಟಿದೆ. ಅಂಗಗಳೆಲ್ಲ ಪೂರ್ಣವಾಗಿರುವ, ವಿಷದಿಂದಾಗಲಿ ದೀರ್ಘವ್ಯಾಧಿಯಿಂದಾಗಲಿ ಸಾಯದ, ನೂರು ವರ್ಷದ ಮುಪ್ಪಿಗೆ ಸಂದಿರದ ಮನುಷ್ಯನ ದೇಹವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ಮುಂಜ, ದರ್ಭೆ, ಸೆಣಬು ಮೊದಲಾದವುಗಳಲ್ಲಿ ಯಾವುದಾದರೊಂದರಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಸ್ಥಳದಲ್ಲಿ ಕೊಳೆಯಲು ಬಿಡಬೇಕು. ಏಳು ರಾತ್ರಿಗಳ ಬಳಿಕ ಹೊರತೆಗೆದು, ಲಾವಂಚ, ಕೂದಲು ಅಥವಾ ಬಿದಿರಿನ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಒಳಹೊರಗಿನ ಅಂಗಗಳನ್ನೆಲ್ಲ ಕಣ್ಣಾರೆ ನೋಡಬೇಕು. ಪ್ರತ್ಯಕ್ಷವಾಗಿ ಕಂಡದ್ದೂ ಶಾಸ್ತ್ರದಲ್ಲಿ ಓದಿದ್ದೂ ಕೂಡಿದಾಗಲೇ ಜ್ಞಾನ ಬೆಳೆಯುತ್ತದೆಂಬುದು ಅಲ್ಲಿಯ ಅಭಿಪ್ರಾಯ. ಸೂಕ್ಷ್ಮನಾದ ಆತ್ಮನು ಕಣ್ಣಿಗೆ ಗೋಚರನಲ್ಲ, ಜ್ಞಾನ ಮತ್ತು ತಪಸ್ಸುಗಳ ಕಣ್ಣಿಗೇ ಗೋಚರನೆಂದೂ ಅದೇ ಅಧ್ಯಾಯ ಹೇಳುತ್ತದೆ. ಸಿದ್ಧಾಂತ ಬೇರೆಯಾದರೂ ಕೇಶಿಶ್ರಮಣರ ಉತ್ತರಕ್ಕೆ ಈ ಮಾತು ದೂರವಾದುದಲ್ಲ.

ಸುಶ್ರುತನ ಎಣಿಕೆಯಲ್ಲಿ ಅಸ್ಥಿಗಳು 300. ಇಲ್ಲಿ ಒಂದು ಮುಖ್ಯ ಸೂಚನೆಯಿದೆ. ವೇದವಾದಿಗಳು 360 ಎನ್ನುತ್ತಾರೆ, ಶಲ್ಯತಂತ್ರದಲ್ಲಿಯಾದರೋ 300 ಮಾತ್ರ ಎಂದು ಗ್ರಂಥವೇ ಸ್ಪಷ್ಟಪಡಿಸುತ್ತದೆ. ಚರಕಸಂಹಿತೆಯಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ಯತಿಧರ್ಮಪ್ರಕರಣದಲ್ಲಿಯೂ ಇರುವುದು 360. ಹೀಗಿರುವಾಗ ಜೈನಗ್ರಂಥಗಳೆರಡೂ 300 ಎಂಬ ಸಂಖ್ಯೆಯನ್ನೇ ಹೇಳುವುದು ಆಕಸ್ಮಿಕವೆನ್ನುವಂತಿಲ್ಲ. ಸ್ನಾಯು, ಸಿರೆ, ಪೇಶಿ, ಮರ್ಮಗಳ ಸಂಖ್ಯೆಯೂ ಸುಶ್ರುತನೊಡನೆ ಕೂಡುತ್ತದೆ. ದೇಹವರ್ಣನೆಯ ವಿಷಯದಲ್ಲಿ ಜೈನಾಚಾರ್ಯರಿಗೆ ಶಸ್ತ್ರವೈದ್ಯರ ಪರಂಪರೆಯ ಪರಿಚಯವಿದ್ದಿತೆಂದು ಇದರಿಂದ ಊಹಿಸಬಹುದಾಗಿದೆ. ಆದಕಾರಣ ಕೇವಲ ಕಲ್ಪನೆಯೆಂಬ ಪಕ್ಷ ಸಾಧುವಲ್ಲ.

ಹಾಗೆಂದು ಇವು ಕಂಡು ಎಣಿಸಿದ ಸಂಖ್ಯೆಗಳೆನ್ನಲೂ ಆಗದು. ಇದಕ್ಕೆ ಸಿರೆಗಳ ವಿವರಣೆಯೇ ಪ್ರಮಾಣ. ಸುಶ್ರುತನು ನಾಭಿಮೂಲವಾದ 700 ಸಿರೆಗಳನ್ನು ವಾತ, ಪಿತ್ತ, ಕಫ, ರಕ್ತಗಳನ್ನು ವಹಿಸುವ ನಾಲ್ಕು ವರ್ಗಗಳಾಗಿ, ಒಂದೊಂದರಲ್ಲಿ 175ರಂತೆ, ವಿಭಾಗಿಸುತ್ತಾನೆ. ತಂದುಲವೇಯಾಲಿಯದಲ್ಲಿಯೂ ಸಿರೆಗಳು ನಾಭಿಯಿಂದಲೇ ಹೊರಡುತ್ತವೆ, ಮೊತ್ತವೂ 700. ಆದರೆ ವಿಭಾಗ ಬೇರೆ: ಮೇಲ್ಮುಖವಾಗಿ ತಲೆಗೆ ಹೋಗುವವು 160, ಕೆಳಮುಖವಾಗಿ ಪಾದಗಳಿಗೆ 160, ಅಡ್ಡಲಾಗಿ ಕೈಗಳಿಗೆ 160, ಗುದಕ್ಕೆ 160, ಶ್ಲೇಷ್ಮವನ್ನು ಧರಿಸುವವು 25, ಪಿತ್ತವನ್ನು ಧರಿಸುವವು 25, ಶುಕ್ರವನ್ನು ಧರಿಸುವವು 10. ಎರಡು ವಿಭಾಗಗಳು ಪರಸ್ಪರ ಸಂಬಂಧವಿಲ್ಲದವು. ಎರಡರ ಮೊತ್ತವೂ ಒಂದೇ. ಎಣಿಸಿದವನು ಬಿಡಿಗಳಿಂದ ಮೊತ್ತಕ್ಕೆ ಬರುತ್ತಾನೆ. ಇಲ್ಲಿಯಾದರೋ ಮೊತ್ತವು ಪರಂಪರೆಯಿಂದ ಮೊದಲೇ ಬಂದಿದ್ದು, ಬಿಡಿಗಳನ್ನು ಅದಕ್ಕೆ ಹೊಂದಿಸಿದಂತೆ ತೋರುತ್ತದೆ. ಸ್ತ್ರೀಶರೀರದ ಪೇಶಿಗಳ ವಿಷಯವೂ ಹೀಗೆಯೇ. ಸುಶ್ರುತನ ಪ್ರಕಾರ ಅವು ಪುರುಷನಿಗಿಂತ 20 ಹೆಚ್ಚು. ತಂದುಲವೇಯಾಲಿಯದ ಪ್ರಕಾರ 30 ಕಡಿಮೆ. ಒಂದೇ ಮೊತ್ತದಿಂದ ಹೊರಟ ಎರಡು ಪರಂಪರೆಗಳು ವಿರುದ್ಧ ದಿಕ್ಕುಗಳಲ್ಲಿ ಸಾಗಿವೆ.

ಸುಶ್ರುತನ ವಿಧಾನದ ಮಿತಿಯನ್ನೂ ಇಲ್ಲಿ ನೆನೆಯಬೇಕು. ಏಳು ದಿನ ನೀರಿನಲ್ಲಿ ಕೊಳೆತ ದೇಹವನ್ನು ಕುಂಚದಿಂದ ಉಜ್ಜಿದರೆ ಚರ್ಮದ ಪದರಗಳೂ ಎಲುಬುಗಳೂ ಚೆನ್ನಾಗಿ ಕಾಣಬಹುದು. ಸೂಕ್ಷ್ಮವಾದ ಸಿರೆಗಳು ಉಳಿಯುವುದು ಕಷ್ಟ. ಎಲುಬುಗಳ ಎಣಿಕೆಯಲ್ಲಿ ಸುಶ್ರುತನು ಕೈಕಾಲುಗಳಲ್ಲಿ 120, ನಡುದೇಹದಲ್ಲಿ 117, ಕತ್ತಿನಿಂದ ಮೇಲೆ 63 ಎಂದು ಸ್ಥಾನನಿರ್ದೇಶ ಮಾಡುತ್ತಾನೆ. ಹಲ್ಲುಗಳನ್ನು ರುಚಕವೆಂದೂ ಮೂಗು ಕಿವಿಗಳ ಮೃದ್ವಸ್ಥಿಯನ್ನು ತರುಣವೆಂದೂ ಅಸ್ಥಿಗಳಲ್ಲಿಯೇ ಸೇರಿಸುತ್ತಾನೆ. ಪ್ರಾಪ್ತವಯಸ್ಕರಲ್ಲಿ ಎಲುಬುಗಳು 206 ಎಂಬ ಇಂದಿನ ಗಣನೆಗೂ ಅವನ ಗಣನೆಗೂ ಇರುವ ಅಂತರವೆಲ್ಲವೂ ತಪ್ಪಿನಿಂದ ಆದುದಲ್ಲ, ಒಂದಂಶ ಗಣನಾಕ್ರಮದಿಂದ ಆದುದು. ಆರಾಧನೆಯಲ್ಲಿಯಾದರೋ 300 ಎಂಬ ಮೊತ್ತವಿದೆಯೇ ಹೊರತು ಇಂಥ ಸ್ಥಾನನಿರ್ದೇಶವಿಲ್ಲ. ಶಿವಾರ್ಯರ ಉದ್ದೇಶಕ್ಕೆ ಅದರ ಅಗತ್ಯವೂ ಇರಲಿಲ್ಲ. ವೈದ್ಯನಿಗೆ ಎಲುಬು ಎಲ್ಲಿದೆಯೆಂಬುದು ಬೇಕು. ಸಲ್ಲೇಖನೆಯಲ್ಲಿರುವ ಕ್ಷಪಕನಿಗೆ ದೇಹವು ಬಿಡತಕ್ಕದ್ದೆಂಬ ನಿಶ್ಚಯ ಬೇಕು.

ಶವಶೋಧನೆಗೆ ಜೈನಾಚಾರದಲ್ಲಿ ಇನ್ನೊಂದು ತಡೆಯೂ ಇದ್ದಿರಬೇಕು. ಸಮ್ಮೂರ್ಛಿಮ ಮನುಷ್ಯರು ಹುಟ್ಟುವ ಸ್ಥಾನಗಳಲ್ಲಿ ಜೀವರಹಿತ ಕಳೇವರವನ್ನೂ ಪ್ರಜ್ಞಾಪನಾಸೂತ್ರ ಎಣಿಸುತ್ತದೆ. ಕೊಳೆಯುತ್ತಿರುವ ಶವವನ್ನು ಉಜ್ಜಿ ನೋಡುವುದು ಮಹಾವ್ರತಿಗೆ ವಿಹಿತವಾಗಲಾರದು. ಆದರೆ ವೈದ್ಯದಲ್ಲಿ ಜೈನರು ಹಿಂದುಳಿದಿದ್ದರೆಂದು ಇದರ ಅರ್ಥವಲ್ಲ. ಉಗ್ರಾದಿತ್ಯನು ತನ್ನ ಕಲ್ಯಾಣಕಾರಕದಲ್ಲಿ ಪೂಜ್ಯಪಾದರ ಶಾಲಾಕ್ಯತಂತ್ರವನ್ನೂ ಪಾತ್ರಸ್ವಾಮಿಗಳ ಶಲ್ಯತಂತ್ರವನ್ನೂ ಹೆಸರಿಸುತ್ತಾನೆ. ಮದ್ಯಮಾಂಸಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದ ಆ ಗ್ರಂಥಕಾರನಿಗೆ ಶಸ್ತ್ರಕರ್ಮ ತ್ಯಾಜ್ಯವಾಗಿರಲಿಲ್ಲ.

ಇನ್ನು ಚಿತ್ರದ ವಿಚಾರ. ಜೈನ ಹಸ್ತಪ್ರತಿಗಳ ಚಿತ್ರಸಂಪತ್ತು ಪ್ರಸಿದ್ಧವಾದುದು. ಮೂಡಬಿದಿರೆಯ ಧವಲಾ ತಾಳೆಯೋಲೆಗಳಿಂದ ಮೊದಲುಗೊಂಡು ಪಶ್ಚಿಮ ಭಾರತದ ಕಲ್ಪಸೂತ್ರ, ಸಂಗ್ರಹಣೀಸೂತ್ರಗಳ ಪ್ರತಿಗಳವರೆಗೆ ಜಿನಬಿಂಬಗಳೂ ಯಕ್ಷಯಕ್ಷಿಯರೂ ಕಥಾಪ್ರಸಂಗಗಳೂ ಲೋಕರಚನೆಯೂ ಚಿತ್ರಿತವಾಗಿವೆ. ಮನುಷ್ಯನ ಆಕೃತಿಯೊಳಗೆ ಮೂರು ಲೋಕಗಳನ್ನು ಅಳತೆಗೆ ತಕ್ಕಂತೆ ತೋರಿಸುವ ಲೋಕಪುರುಷನ ಚಿತ್ರ ಈ ಪರಂಪರೆಯ ವಿಶಿಷ್ಟ ಸೃಷ್ಟಿ. ಕಾಣದ ಲೋಕಗಳನ್ನು ರೇಖೆಗಳಲ್ಲಿ ಹಿಡಿದ ಚಿತ್ರಕಾರರಿಗೆ ದೇಹದ ಒಳಗನ್ನು ಬರೆಯುವ ಶಕ್ತಿಯಿರಲಿಲ್ಲವೆನ್ನುವಂತಿಲ್ಲ. ಆ ಕೆಲಸವನ್ನು ಇಲ್ಲಿ ಸಂಖ್ಯೆಯೇ ನಿರ್ವಹಿಸುತ್ತಿದ್ದಿತು. ಗಾಹೆಯಲ್ಲಿ ಅಡಕವಾದ ಸಂಖ್ಯೆ ಕಂಠಪಾಠಕ್ಕೆ ಸುಲಭ, ಇಕ್ಕಟ್ಟಾದ ಓಲೆಯಲ್ಲಿ ಪ್ರತಿಮಾಡಲೂ ಸುಲಭ. ಆದರೆ ಸಂಖ್ಯೆಯನ್ನು ದೇಹದ ಪಕ್ಕದಲ್ಲಿಟ್ಟು ತಾಳೆನೋಡುವುದು ಕಷ್ಟ. ಚಿತ್ರವನ್ನು ಹಾಗೆ ನೋಡಬಹುದು.

ಈ ವ್ಯತ್ಯಾಸದ ಪರಿಣಾಮ ಯೂರೋಪಿನ ಇತಿಹಾಸದಲ್ಲಿ ಸ್ಪಷ್ಟವಾಗಿದೆ. ಅಲ್ಲಿಯೂ ಬಹುಕಾಲ ಶಾಸ್ತ್ರವೇ ಪ್ರಮಾಣವಾಗಿದ್ದಿತು. ಬೊಲೋನ್ಯದ ಮೊಂಡಿನೋ 1316ರಲ್ಲಿ ಶವಚ್ಛೇದಕ್ಕೆ ಕೈಪಿಡಿಯನ್ನು ಬರೆದ ಮೇಲೆಯೂ, ಪೀಠದಲ್ಲಿ ಕುಳಿತ ಪಂಡಿತನು ಗ್ರಂಥವನ್ನು ಓದುವುದು, ಕೆಳಗೆ ಸಹಾಯಕನು ಶವವನ್ನು ಕೊಯ್ಯುವುದು ರೂಢಿಯಾಗಿದ್ದಿತು. ಪಾದುವದಲ್ಲಿ ಉಪಾಧ್ಯಾಯನಾಗಿದ್ದ ವೆಸೇಲಿಯಸ್ ತಾನೇ ಕತ್ತಿಯನ್ನು ಹಿಡಿದನು. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅವನ ಏಳು ಭಾಗಗಳ ಗ್ರಂಥದಲ್ಲಿ ಮರದ ಅಚ್ಚಿನ ಚಿತ್ರಗಳು ಪಾಠದೊಡನೆ ಸಮಾನಸ್ಥಾನ ಪಡೆದವು. ಕೆಳದವಡೆ ಎರಡು ಎಲುಬುಗಳಿಂದ ಆದುದೆಂದು 2ನೆಯ ಶತಮಾನದ ಗೇಲೆನ್ ಹೇಳಿದ್ದನು. ಅವನು ಛೇದಿಸಿದ್ದು ಕೋತಿ ಮೊದಲಾದ ಪ್ರಾಣಿಗಳನ್ನು. ಮನುಷ್ಯನಲ್ಲಿ ಅದು ಒಂದೇ ಎಲುಬೆಂದು ವೆಸೇಲಿಯಸ್ ತೋರಿಸಿದನು. ಒಂದೇ ಚಿತ್ರದ ನೂರಾರು ಪ್ರತಿಗಳು ದೂರದೂರದ ವೈದ್ಯರ ಕೈಸೇರಿದುದರಿಂದ ಅವನ ತಪ್ಪುಗಳನ್ನೂ ಮುಂದಿನವರು ತಿದ್ದಲು ಸಾಧ್ಯವಾಯಿತು.

ಚಿತ್ರವಿದ್ದ ಮಾತ್ರಕ್ಕೆ ಪ್ರತ್ಯಕ್ಷವಿದ್ದಿತೆಂದು ಮಾತ್ರ ತಿಳಿಯಬಾರದು. 14ನೆಯ ಶತಮಾನದ ಕೊನೆಯಲ್ಲಿ ಮನ್ಸೂರ್ ಎಂಬ ಪಾರಸಿಕ ವೈದ್ಯನು ರಚಿಸಿದ ಗ್ರಂಥದ ದೇಹಚಿತ್ರಗಳು ಮುಂದಿನ ಪ್ರತಿಗಳಲ್ಲಿ ಒಂದೇ ಭಂಗಿಯಲ್ಲಿ ಪುನರಾವೃತ್ತವಾಗಿವೆ. ನೇಪಾಳದಲ್ಲಿ ಸುಮಾರು 18ನೆಯ ಶತಮಾನದಲ್ಲಿ ಬರೆದ, ಈಗ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿರುವ ಚಿತ್ರವೊಂದರಲ್ಲಿ ದೇಹದ ಒಳಅಂಗಗಳ ಸುತ್ತ ಭಾವಪ್ರಕಾಶದ ಸಂಸ್ಕೃತ ವಾಕ್ಯಗಳಿವೆ. ಅಲ್ಲಿ ಚಿತ್ರವು ಗ್ರಂಥವನ್ನು ವಿವರಿಸುತ್ತದೆ, ಪರೀಕ್ಷಿಸುವುದಿಲ್ಲ.

ಭಾರತದಲ್ಲಿ ಪ್ರತ್ಯಕ್ಷವೂ ಶಾಸ್ತ್ರವೂ ಮತ್ತೆ ಎದುರುಬದುರಾದುದು 1836ರಲ್ಲಿ. ಸಂಸ್ಕೃತ ಕಾಲೇಜಿನಲ್ಲಿ ವೈದ್ಯವನ್ನು ಬೋಧಿಸುತ್ತಿದ್ದ ಮಧುಸೂದನ ಗುಪ್ತರು ಆ ವರ್ಷ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಶವಚ್ಛೇದ ನಡೆಸಿದರು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಗಣನಾಥ ಸೇನರು ಸಂಸ್ಕೃತದಲ್ಲಿಯೇ ಬರೆದ ಸಚಿತ್ರ ಗ್ರಂಥಕ್ಕೆ ಪ್ರತ್ಯಕ್ಷಶಾರೀರಮ್ ಎಂದೇ ಹೆಸರಿಟ್ಟರು.

ಈ ಚರಿತ್ರೆಯಿಂದ ಗ್ರಂಥಸಂಪಾದಕರಿಗೆ ಒದಗುವ ಎಚ್ಚರಿಕೆಯೊಂದಿದೆ. ಸುಶ್ರುತಸಂಹಿತೆಯ ಪ್ರಚಲಿತ ಪಾಠದಲ್ಲಿನ ಅಸ್ಥಿಗಣನೆಯೇ ಪ್ರತಿಕಾರರ ಕೈಯಲ್ಲಿ ಕೆಟ್ಟಿದೆಯೆಂದು ಹರ್ನ್ಲೆ ಎಂಬ ವಿದ್ವಾಂಸರು 1907ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಆರಾಧನೆಯ 300 ಸಂಧಿಗಳನ್ನೂ ತಂದುಲವೇಯಾಲಿಯದ 160 ಸಂಧಿಗಳನ್ನೂ ಸುಶ್ರುತನ 210ಕ್ಕೆ ಹೊಂದಿಸಿ ತಿದ್ದಲು ಮನಸ್ಸಾಗುವುದು ಸಹಜ. ಇಂದಿನ ಶಾರೀರವಿಜ್ಞಾನಕ್ಕೆ ಹೊಂದುವಂತೆ ಅರ್ಥಮಾಡುವ ಆಸೆಯೂ ಸಹಜ. ಹಾಗೆ ಮಾಡಿದರೆ ಯಾವ ಪರಂಪರೆ ಯಾವುದರಿಂದ ಎಷ್ಟನ್ನು ಪಡೆಯಿತು, ಎಲ್ಲಿ ಬೇರೆಯಾಯಿತು ಎಂಬುದನ್ನು ತೋರಿಸುವ ಗುರುತೇ ಅಳಿಸಿಹೋಗುತ್ತದೆ. ಆದ್ದರಿಂದ ಪ್ರತಿಯೊಂದು ಓಲೆಪ್ರತಿಯ ಸಂಖ್ಯಾಪಾಠವನ್ನೂ ಇದ್ದಂತೆಯೇ ದಾಖಲಿಸುವುದು ಕರ್ತವ್ಯ. ಆಚಾರ್ಯರ ಗೌರವಕ್ಕೆ ಇದರಿಂದ ಕುಂದಿಲ್ಲ. ಅವರು ಎಲುಬುಗಳನ್ನು ಎಣಿಸಲು ಹೊರಟವರಲ್ಲ; ತಮ್ಮ ಕಾಲದ ಶಸ್ತ್ರವೈದ್ಯರು ತಿಳಿದಿದ್ದುದನ್ನು ಸ್ವೀಕರಿಸಿ, ಕೊಯ್ದು ನೋಡಿದರೂ ಕಾಣದುದರ ಕಡೆಗೆ ಓದುಗನ ದೃಷ್ಟಿಯನ್ನು ತಿರುಗಿಸಲು ಅದನ್ನು ಬಳಸಿಕೊಂಡವರು.